ಮುಖಕ್ಕೆ ಗಾಳಿ ತಾಗಿದರೆ

ಆ ನೋವು ಮೊದಲ ಸಲ ಬಂದದ್ದು ನಾನು ಮುಖ ತೊಳೆಯುತ್ತಿದ್ದಾಗ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕೋಳದಿಂದ ಅಥಣಿ ಸೀಮೆಯ ಅನಂತಪುರದ ಕಡೆಯ ಒಂದು ತೋಟದ ಮನೆಗೆ ಸೊಸೆಯಾಗಿ ಬಂದು ನನಗೆ ಕೆಲವು ವರ್ಷಗಳಾಗಿದ್ದವು. ಚಳಿಗಾಲದ ಬೆಳಗು. ಹಿತ್ತಲಲ್ಲಿ ಹಂಡೆಯ ನೀರು ತೋಡಿಕೊಂಡು ಮುಖಕ್ಕೆ ಹಾಕಿಕೊಂಡೆ. ನೀರು ಎಡಗಡೆ ಮೂಗಿನ ಪಕ್ಕ ತಾಗಿತು, ಅಷ್ಟೇ. ತಂಬಿಗೆ ಕೈಯಿಂದ ಬಿತ್ತು. ಹಿಂದೊಮ್ಮೆ ಬಾವಿಯ ಮೋಟಾರಿನ ಪೆಟ್ಟಿಗೆ ಮುಟ್ಟಿ ಕರೆಂಟು ಹೊಡೆಸಿಕೊಂಡಿದ್ದೆ. ಇದೂ ಹಾಗೇ ಇತ್ತು, ಆದರೆ ಕೈಯಲ್ಲಲ್ಲ, ಕೆನ್ನೆಯ ಒಳಗೆ, ದವಡೆಯಿಂದ ಕಣ್ಣಿನವರೆಗೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿಬಿಟ್ಟಿತು.

"ಏನ್ ಬಿತ್ತ ಬೇ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ತಂಬಗಿ ಜಾರಿತ್ರಿ" ಎಂದೆ.

ಆ ಚಳಿಗಾಲ ಮುಗಿಯುವಷ್ಟರಲ್ಲಿ ನಾನು ಮುಖದ ಎಡಭಾಗ ತೊಳೆಯುವುದನ್ನೇ ಬಿಟ್ಟಿದ್ದೆ. ಗಾಳಿ ಬೀಸಿದರೆ ಬರುತ್ತಿತ್ತು. ರೊಟ್ಟಿ ಅಗಿದರೆ ಬರುತ್ತಿತ್ತು. ಕುಂಕುಮ ಹಚ್ಚುವಾಗ ಬೆರಳು ಸ್ವಲ್ಪ ಕೆಳಗೆ ಸರಿದರೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಮಾವನವರ ಎದುರು ತಲೆಯ ಮೇಲೆ ಸೆರಗು ಇರಲೇಬೇಕು. ಆ ಸೆರಗಿನ ಅಂಚು ಕೆನ್ನೆಗೆ ತಾಗಿದರೆ ಸಾಕು, ನಿಂತಲ್ಲೇ ನಿಂತುಬಿಡುತ್ತಿದ್ದೆ. ಉಸಿರೂ ಬಿಡುತ್ತಿರಲಿಲ್ಲ, ಉಸಿರು ಬಿಟ್ಟರೆ ಮತ್ತೆ ಹೊಡೆದೀತು ಎಂಬ ಹೆದರಿಕೆ. ಈ ಬೇನೆ ಇದ್ದವರು ಇದನ್ನು ಓದಿದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಇಲ್ಲದವರಿಗೆ ಎಷ್ಟು ಹೇಳಿದರೂ ತಿಳಿಯದು. ಅದನ್ನು ನಾನು ನಮ್ಮ ಮನೆಯಲ್ಲೇ ಕಲಿತೆ.

ಹಲ್ಲಿನ ನೋವು ಎಂದು ಎಲ್ಲರೂ ಹೇಳಿದರು. ನನಗೂ ಹಾಗೇ ಅನಿಸಿತ್ತು. ಅತ್ತೆ ಸುಟ್ಟ ತಂಬಾಕಿನ ಮಿಸ್ರಿ ಕೊಟ್ಟು ಒಸಡಿಗೆ ತಿಕ್ಕಿಕೋ ಎಂದರು. ತಿಕ್ಕಿದ ದಿನ ಹಿತ್ತಲಲ್ಲಿ ಮೊಳಕಾಲೂರಿ ಕುಳಿತವಳನ್ನು ನಮ್ಮವರು ಎತ್ತಿ ತಂದರು. ಮುಂದಿನ ವಾರ ಅವರ ಜೊತೆ ಬಸ್ಸು ಹತ್ತಿ ಅಥಣಿಗೆ ಹೋಗಿ ಒಂದು ದವಡೆ ಹಲ್ಲು ಕೀಳಿಸಿಕೊಂಡು ಬಂದೆ. ಕಿತ್ತವನು ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ, "ಹುಳಕ ಏನೂ ಕಾಣವಲ್ದು. ಬೇರಿನಾಗ ಇದ್ದೀತು" ಎಂದ. ಕೆಲವು ದಿನ ನೋವು ಬರಲಿಲ್ಲ. ಅತ್ತೆ ದೇವರಿಗೆ ಎಣ್ಣೆಬತ್ತಿ ಹಾಕಿದರು. ಆಮೇಲೆ ಮತ್ತೆ ಬಂತು. ಪಕ್ಕದ ಹಲ್ಲು ಕೀಳಿಸಿದರು. ಅದೂ ಗಟ್ಟಿಯಾಗಿಯೇ ಇತ್ತು. ಮೂರನೆಯದಕ್ಕೆ ಹೋಗುವಾಗ ನಮ್ಮವರು ಜೊತೆಗೆ ಬರಲಿಲ್ಲ. ಆಗ ಕಬ್ಬು ಕಡಿಯುವ ದಿನಗಳು.

ನೋವು ಬಂದುಹೋದ ಮೇಲೆ ನನ್ನ ಮುಖದಲ್ಲಿ ಏನೂ ಉಳಿಯುತ್ತಿರಲಿಲ್ಲ. ಬಾವು ಇಲ್ಲ, ಗಾಯ ಇಲ್ಲ, ಜ್ವರ ಇಲ್ಲ. ಅದೇ ನನಗೆ ಮುಳುವಾಯಿತು.

"ಈಗ ಹಸನ ಅದೀಯಲ್ಲ?" ಎಂದು ನಮ್ಮವರು ಕೇಳುತ್ತಿದ್ದರು.

"ಈಗ ಹಸನ ಅದೀನ್ರಿ."

"ಮತ್ತ ಒಂದ ನಿಮಿಷದ ಹಿಂದ ಸಾಯೂವರಂಗ ಮಾಡಿದಿ?"

ಅವರು ಕೆಟ್ಟವರಲ್ಲ. ಮೊದಮೊದಲು ನನ್ನ ತಟ್ಟೆಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟವರು ಅವರೇ. ಆದರೆ ಮುಗಿಯದ ಬೇನೆ ನೋಡುವವರನ್ನೂ ದಣಿಸುತ್ತದೆ. ನನ್ನ ಮೈದುನ ಸಂಜು ದಣಿಯುವವನಲ್ಲ. ಅವನಿಗೆ ಅದು ಆಟ. ಬೀಗರು ಬಂದು ಕುಳಿತಾಗ, "ವೈನಿ ಹೆಂಗ ಮಾಡತಾಳ ನೋಡ್ರಿ" ಎಂದು ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ಕೈ ಗಾಳಿಯಲ್ಲಿ ಹಿಡಿದು ನಿಂತುಬಿಡುತ್ತಿದ್ದ. ಥೇಟು ನನ್ನಂತೆಯೇ. ಎಲ್ಲರೂ ನಗುತ್ತಿದ್ದರು. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ನಕ್ಕರೆ ನನಗೂ ನೋವು ಬರುತ್ತಿತ್ತಾದ್ದರಿಂದ ಅವರ ಜೊತೆ ಸುಮ್ಮನೆ ನಕ್ಕುಬಿಡುವ ದಾರಿಯೂ ಇರಲಿಲ್ಲ.

ಅತ್ತೆ ನನ್ನನ್ನು ಚಿಂಚಲಿಗೆ ಕರೆದುಕೊಂಡು ಹೋದರು. ಜಾತ್ರೆಯ ದಿನವಲ್ಲ, ಬರೀ ಮಂಗಳವಾರ. ಗುಡಿಯ ಮುಂದೆ ಒಂದಿಷ್ಟು ಜನ ಇದ್ದರು. ಮಾಯಕ್ಕದೇವಿಯ ಭಂಡಾರದ ಅರಿಶಿನವನ್ನು ಹಿಡಿಯಷ್ಟು ತೆಗೆದುಕೊಂಡು ಅತ್ತೆ ನನ್ನ ಎಡಗೆನ್ನೆಗೆ ಒತ್ತಿ ಬಳಿದರು. ಬೇಡ ಎಂದು ಕೈ ಹಿಡಿಯುವಷ್ಟರಲ್ಲಿ ಬಳಿದಾಗಿತ್ತು. ನಾನು ಕೂಗಿದೆ. ಹಾಗೆ ಕೂಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ನೆಲಕ್ಕೆ ಬಿದ್ದೆ, ತಲೆಯನ್ನು ಅತ್ತಿತ್ತ ಒಗೆದೆ, ಒಂದು ಹೋಗುವಷ್ಟರಲ್ಲಿ ಇನ್ನೊಂದು ಬಂತು. ಸುತ್ತ ನಿಂತವರು ಹಿಂದೆ ಸರಿದರು. ಒಬ್ಬ ಹೆಂಗಸು, "ಆಯಿ ಬಂದಾಳ" ಎಂದು ನನ್ನ ಕಾಲಿಗೆ ಬಿದ್ದಳು. ಇನ್ನೊಬ್ಬಳು ತನ್ನ ಮಗಳಿಗೆ ಮದುವೆ ಆದೀತೇ ಎಂದು ಕೇಳಿದಳು. ನನ್ನ ಬಾಯಿಂದ ಮಾತು ಬರುತ್ತಿರಲಿಲ್ಲ. ಯಾರೋ ಮತ್ತಷ್ಟು ಭಂಡಾರ ಹಚ್ಚಿದರು.

ಊರಿಗೆ ಬಂದ ಮೇಲೆ ಅತ್ತೆ ಸ್ವಲ್ಪ ದಿನ ನನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡರು. ನನ್ನ ಮೈಮೇಲೆ ದೇವಿ ಬರುತ್ತಾಳೆಂದು ನೆರೆಯವರಿಗೆ ಹೇಳಿದರು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ನೆಮ್ಮದಿ ಇತ್ತು, ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಆದರೆ ದೇವಿ ದಿನಾ ಬರುವುದಿಲ್ಲ. ಒಲೆಯ ಮುಂದೆ, ನೀರಿನ ತೊಟ್ಟಿಯ ಮುಂದೆ, ಹೊತ್ತುಗೊತ್ತಿಲ್ಲದೆ ಬರುವುದಿಲ್ಲ. ಅತ್ತೆಗೂ ಅದು ತಿಳಿಯಿತು. "ನಾಟಕಾ ಐತಿ ಬಿಡು ಎಲ್ಲಾ" ಎಂದುಬಿಟ್ಟರು.

ಹಂಸಿಯ ವಿಷಯ ಇಲ್ಲಿಂದ ಶುರುವಾಗುತ್ತದೆ.

ಹಂಸಿ ನಮ್ಮ ಮಾವನವರ ಹೆಣ್ಣುಗುದುರೆ, ಬೆಳ್ಳಗಿನ ಮೈ. ನಮ್ಮ ಕಡೆ ಕುದುರೆಗಾಡಿ ಓಟದ ಶರ್ಯತ್ತು ಎಂದರೆ ದೊಡ್ಡ ಹುಚ್ಚು. ರಾಯಬಾಗ, ಕಾಗವಾಡ, ಗಡಿಯಾಚೆಯ ಊರುಗಳು, ಎಲ್ಲಿ ಶರ್ಯತ್ತು ನಡೆದರೂ ಮಾವ ಅದನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗುತ್ತಿದ್ದರು. ಗಾಡಿ ಹೊಡೆಯುವವನು ಸಂಜು. ಕಬ್ಬು, ದ್ರಾಕ್ಷಿ ಎಲ್ಲಾ ಇದ್ದರೂ ಊರಲ್ಲಿ ಮಾವನವರ ಹೆಸರು ಹಂಸಿಯ ಕಾಲ ಮೇಲೆ ನಿಂತಿತ್ತು. ಬೆಳಗ್ಗೆ ಎದ್ದು ಅವರು ಮೊದಲು ಮಾತಾಡಿಸುತ್ತಿದ್ದದ್ದು ಅದನ್ನೇ. ನೆನೆಸಿದ ಕಡಲೆಯನ್ನು ತಾವೇ ಅಂಗೈಯಲ್ಲಿ ಹಿಡಿದು ತಿನ್ನಿಸುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹೊತ್ತು. ಹಂಸಿ ತಲೆ ಒಗೆಯಲು ಶುರು ಮಾಡಿತು. ಮೂಗಿನೊಳಗೆ ನೊಣ ಹೊಕ್ಕಂತೆ ಮೂತಿಯನ್ನು ಒಮ್ಮೆಲೇ ಮೇಲಕ್ಕೆ ಜಗ್ಗುವುದು, ಫುರ್ ಎಂದು ಸೀನುವುದು, ಓಡುತ್ತ ಓಡುತ್ತಲೇ ಮುಖ ತಗ್ಗಿಸಿ ಮುಂಗಾಲಿಗೆ ಮೂಗು ತಿಕ್ಕುವುದು. ಹಾಗೆ ತಿಕ್ಕಲು ಹೋಗಿ ಎರಡು ಸಲ ಮುಗ್ಗರಿಸಿತು. ಕೊಟ್ಟಿಗೆಯ ಕತ್ತಲಲ್ಲಿ ಸುಮ್ಮನಿರುತ್ತಿತ್ತು. ಅಂಗಳದ ಬಿಸಿಲಿಗೆ ತಂದರೆ, ಗಾಳಿ ಬಿಟ್ಟರೆ ಆಯಿತು.

ನನ್ನನ್ನು ಬಸ್ಸಿನಲ್ಲಿ ಅಥಣಿಗೆ ಕಳಿಸಿದ್ದರು. ಹಂಸಿಗಾಗಿ ಅಥಣಿಯಿಂದ ಡಾಕ್ಟರು ಜೀಪಿನಲ್ಲಿ ಬಂದರು, ಅದೂ ಮರುದಿನವೇ. ಕಿವಿಯೊಳಗೆ ಬ್ಯಾಟರಿ ಹಾಕಿ ನೋಡಿದರು, ಬಾಯಿ ತೆರೆಸಿ ಹಲ್ಲಿನ ಚೂಪನ್ನು ಅರದಿಂದ ಉಜ್ಜಿದರು. ಹಂಸಿಯ ಹಲ್ಲು ಉಜ್ಜುವ ಸಪ್ಪಳ ಕೇಳುತ್ತಿದ್ದಂತೆ ನನ್ನ ದವಡೆಯಲ್ಲೂ ಕರೆಂಟು ಹರಿಯಿತು. ಲಗಾಮು ಬದಲಿಸಿದರು. ಇಂಜೆಕ್ಷನ್ ಕೊಟ್ಟರು. ಏನೂ ಆಗಲಿಲ್ಲ. ಆಮೇಲೆ ಊರವರ ನಾಟಿ ಚಿಕಿತ್ಸೆ. ನಾಲ್ಕು ಜನ ಹಗ್ಗ ಹಾಕಿ ಕೆಡವಿ, ಕಾಸಿದ ಕುಡುಗೋಲಿನಿಂದ ಮೂಗಿನ ಮೇಲೆ ಎರಡು ಬರೆ ಎಳೆದರು. ಸುಟ್ಟ ಕೂದಲಿನ ವಾಸನೆ ಅಡುಗೆಮನೆಯವರೆಗೆ ಬಂತು. ನಾನು ಕಿಟಕಿಯಲ್ಲಿ ನಿಂತಿದ್ದೆ. ಆ ಗಾಯ ಮಾಯುವಷ್ಟು ದಿನ ಹಂಸಿ ಇನ್ನೂ ಜೋರಾಗಿ ತಲೆ ಒಗೆಯಿತು. ಆಗ ಸಂಜು ಒಂದು ಚರ್ಮದ ಪಟ್ಟಿ ತಂದು ಅದರ ಮೂತಿಯಿಂದ ಎದೆಯ ಕೆಳಗಿನ ಪಟ್ಟಿಗೆ ಬಿಗಿದ, ತಲೆ ಮೇಲೆ ಹೋಗದಂತೆ.

ನಾನು ಒಂದು ದಿನ ನಮ್ಮವರಿಗೆ ಹೇಳಿದೆ, "ಅದಕ್ಕ ಮಾರಿ ನೋಯಾಕತ್ತೈತ್ರಿ. ನನಗ ಆದಂಗ ಆಗಾಕತ್ತೈತಿ."

ಅವರು ಊಟ ನಿಲ್ಲಿಸಿ ನನ್ನ ಮುಖ ನೋಡಿದರು. "ಇದನ್ನ ಹೊರಗ ಅನಬ್ಯಾಡ. ನಮ್ಮ ಅಪ್ಪ ಮದಲ ತಲಿ ಕೆಟ್ಟ ಕುಂತಾನ. ನಿನಗ ಕುದುರಿ ದೆವ್ವ ಹತ್ತೈತಿ ಅಂತಾರ ಮಂದಿ."

ಅದೇ ಬೇಸಿಗೆಯಲ್ಲಿ ರಾಯಬಾಗದ ಕಡೆ ಶರ್ಯತ್ತು ಇತ್ತು. ತಲೆ ಬಿಗಿದು ಕಟ್ಟಿಕೊಂಡೇ ಹಂಸಿಯನ್ನು ಓಡಿಸಿದರು. ಅರ್ಧ ದಾರಿ ಮುಂದಿತ್ತಂತೆ. ಆಮೇಲೆ ಎದುರು ಗಾಳಿ. ತಲೆ ಮೇಲೆತ್ತಲು ಆಗದೆ ಹಂಸಿ ಇಡೀ ಮೈಯನ್ನೇ ಅಡ್ಡಕ್ಕೆ ಒಗೆಯಿತು. ಗಾಡಿ ಮಗುಚಿತು. ಸಂಜುವಿನ ಭುಜದ ಎಲುಬು ಮುರಿಯಿತು. ಜನ ಸೀಟಿ ಹೊಡೆದು ನಕ್ಕರಂತೆ. ಮಾವ ಆ ನಗು ಕೇಳಿಸಿಕೊಂಡು ಮನೆಗೆ ಬಂದರು. ಟೆಂಪೋದಿಂದ ಹಂಸಿಯನ್ನು ಇಳಿಸಿ, ಅಂಗಳದಲ್ಲಿ ಕಟ್ಟಿ, ಚಾಬೂಕಿನ ಹಿಡಿಕೆ ತಿರುಗಿಸಿ ಹಿಡಿದು ಅದರ ಮುಖಕ್ಕೆ ಹೊಡೆದರು. ಬೆನ್ನಿಗಲ್ಲ, ಮುಖಕ್ಕೇ. ಅದು ಮೊಳಕಾಲೂರಿ ಕುಸಿಯಿತು. ಅಂಗೈಯಲ್ಲಿ ಕಡಲೆ ತಿನ್ನಿಸುತ್ತಿದ್ದ ಮನುಷ್ಯ. ಅತ್ತೆ ಬಾಗಿಲು ಮುಚ್ಚಿಕೊಂಡರು.

ಕೊನೆಗೆ ಮಿರಜದಿಂದ ಒಬ್ಬ ವಯಸ್ಸಾದ ಡಾಕ್ಟರನ್ನು ಕರೆಸಿದರು. ಮಿಲಿಟರಿಯಲ್ಲಿ ಕುದುರೆಗಳನ್ನೇ ನೋಡಿಕೊಂಡಿದ್ದವರಂತೆ. ಕನ್ನಡವನ್ನೂ ಮರಾಠಿಯನ್ನೂ ಕಲಸಿ ಮಾತಾಡುತ್ತಿದ್ದರು. ಅವರು ಹಂಸಿಯನ್ನು ಮೊದಲು ಬಿಸಿಲಿಗೆ ತರಿಸಿದರು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಸಿ ನೋಡಿದರು. ಮತ್ತೆ ನೆರಳಿಗೆ ತರಿಸಿದರು. ಬಹಳ ಹೊತ್ತು ನೋಡುತ್ತ ನಿಂತಿದ್ದು, ಕಟ್ಟೆಯ ಮೇಲೆ ಕುಳಿತರು. ನಾನು ಚಹಾ ತೆಗೆದುಕೊಂಡು ಹೋದೆ.

"ಖೋಡಿ ಚಾಳಿ ಅಲ್ರಿ ಇದು" ಎಂದರು ಮಾವನವರಿಗೆ. "ನೋವು. ಮಾರ್‍ಯಾಗಿನ ನರಾ ಕೆಟ್ಟಿರಬೇಕು ಅಂತ ನನಗ ಅನಸ್ತೈತಿ. ಒಂದೆರಡ ಕುದುರಿಗೆ ನೋಡೇನಿ. ಖಾತ್ರಿ ಮಾಡಿ ತೋರಸಾಕ ಆಗೂದಿಲ್ಲ."

"ಗಾಯಾನ ಇಲ್ಲಲ್ರಿ?" ಎಂದರು ಮಾವ.

"ಗಾಯಾ ಬೇಕಂತೇನಿಲ್ಲ. ಮಂದಿಗೂ ಬರತೈತಿ ಇಂಥಾದ್ದು. ಗಾಳಿ ತಾಗಿದ್ರ, ನೀರ ತಾಗಿದ್ರ, ತುತ್ತ ಅಗದ್ರ ಕರೆಂಟ್ ಹೊಡದಂಗ ಆಗತೈತಿ. ಆಮ್ಯಾಲ ನೋಡಿದ್ರ ಏನೂ ಇರೂದಿಲ್ಲ."

ನನ್ನ ಕೈಯಲ್ಲಿ ತಾಟು ಇತ್ತು. ನಮ್ಮ ಮನೆಯಲ್ಲಿ ಹೊರಗಿನ ಗಂಡಸರ ಮುಂದೆ ಸೊಸೆಯರು ಮಾತಾಡುವ ರೂಢಿ ಇಲ್ಲ. ನಾನು ಮಾತಾಡಿದೆ.

"ನನಗೂ ಅದ ಐತ್ರಿ ಸಾಹೇಬ್ರ."

ಡಾಕ್ಟರು ಕಪ್ಪನ್ನು ಕೆಳಗಿಟ್ಟರು. "ಯಾವ ಬಾಜೂ, ಯವ್ವಾ?"

"ಎಡಕ್ರಿ."

"ಹಲ್ಲ ಕೀಳಿಸ್ಯಾರೇನು?"

"ಹೂಂನ್ರಿ. ಮೂರು."

ಅವರು ನಮ್ಮವರ ಕಡೆ ತಿರುಗಿದರು. "ಇನ್ನ ಒಂದೂ ಕೀಳಿಸಬ್ಯಾಡ್ರಿ. ನಾ ದನಾ ಕುದುರಿ ನೋಡಾಂವ, ನನ್ನ ಮಾತಿನ ಮ್ಯಾಲ ಇರಬ್ಯಾಡ್ರಿ. ಮಿರಜಕ್ಕ ಕರಕೊಂಡ ಹೋಗಿ ನರದ ಡಾಕ್ಟರಗ ತೋರಸ್ರಿ. ಇದಕ್ಕ ಗುಳಿಗಿ ಅದಾವ."

"ಕುದುರಿಗೆ?" ಎಂದು ಮಾವ ಕೇಳಿದರು.

"ಕುದುರಿಗೆ ನನಗ ಗೊತ್ತಿದ್ದ ಔಷಧ ಇಲ್ಲ. ಬಿಸಲಾಗ ಬಿಡಬ್ಯಾಡ್ರಿ. ಆ ಪಟ್ಟಿ ತಗೀರಿ. ಮಾರಿಗೆ ಹೊಡೀಬ್ಯಾಡ್ರಿ."

ಮಾವ ಎದ್ದುನಿಂತರು. "ಕುದುರಿ ಸಲುವಾಗಿ ಕರಿಸಿದ್ನಿ ನಿಮ್ಮನ್ನ" ಎಂದರು. ಅವರಿಗಾದದ್ದು ಅವಮಾನವೋ ದುಃಖವೋ ನನಗೆ ತಿಳಿಯಲಿಲ್ಲ. ನನಗಂತೂ ಎರಡರ ಗೊಡವೆಯೂ ಇರಲಿಲ್ಲ. ನನ್ನ ನೋವು ನಿಜ ಎಂದು ಒಬ್ಬ ಮನುಷ್ಯ ನಮ್ಮ ಅಂಗಳದಲ್ಲಿ ಕುಳಿತು ಹೇಳಿದ್ದ.

ಮಿರಜದ ಆಸ್ಪತ್ರೆಯಲ್ಲಿ ನಮ್ಮ ಸರದಿ ಬರುವವರೆಗೆ ಮಧ್ಯಾಹ್ನವಾಯಿತು. ತಲೆಯ ಮೇಲೆ ಪಂಖಾ ತಿರುಗುತ್ತಿತ್ತು. ಅದರ ಗಾಳಿ ಎಡಗೆನ್ನೆಗೆ ಬಾರದಂತೆ ನಾನು ಗೋಡೆಯ ಕಡೆ ಮುಖ ಮಾಡಿ ಕುಳಿತೆ. ನಮ್ಮವರು ಅದನ್ನು ನೋಡಿದರು. ಹೋಗಿ ಜವಾನನಿಗೆ ಏನೋ ಹೇಳಿ ಪಂಖಾ ನಿಲ್ಲಿಸಿದರು. ಬಿಸಿಲಿನ ದಿನ. ಮಿಕ್ಕವರು ಗೊಣಗಿದರು. ಇವರು ನನ್ನ ಪಕ್ಕ ಬಂದು ಕುಳಿತರು.

ಡಾಕ್ಟರು ಪ್ರಾಯದವರು. ಹತ್ತಿಯ ಎಳೆಯೊಂದನ್ನು ತೆಗೆದು ಕೆನ್ನೆಯ ಹತ್ತಿರ ತಂದರು. ಅದು ತಾಗುವ ಮೊದಲೇ ನಾನು ಅವರ ಕೈ ಹಿಡಿದುಕೊಂಡೆ. "ಸಾಕು" ಎಂದರು. ಬೇನೆಗೆ ಒಂದು ಹೆಸರು ಹೇಳಿದರು. ಅದು ನನ್ನ ನಾಲಗೆಗೆ ಇಂದಿಗೂ ಸರಿಯಾಗಿ ಹೊರಳುವುದಿಲ್ಲ. ಹೆಸರು ಇದೆ ಎಂಬುದೇ ನನಗೆ ಸಾಕಾಗಿತ್ತು.

ಗುಳಿಗೆ ಶುರುವಾದ ಮೇಲೆ ಮೊದಲು ತಲೆ ತಿರುಗಿತು. ಗೋಡೆ ಹಿಡಿದು ನಡೆದೆ. ಒಲೆಯ ಮೇಲಿಟ್ಟ ಹಾಲನ್ನು ಮರೆತೆ, ಎದುರಿಗಿದ್ದವರ ಹೆಸರು ಮರೆತೆ. ಅತ್ತೆ, "ಮದಲ ನಾಟಕಾ ಇತ್ತು, ಈಗ ಅಮಲ" ಎಂದರು. ಆದರೆ ಒಂದು ಬೆಳಗ್ಗೆ ಬಿಸಿ ರೊಟ್ಟಿಯ ತುಂಡನ್ನು ಹೆದರುತ್ತ ಎಡಗಡೆಗೆ ಹಾಕಿ ಅಗಿದೆ. ಏನೂ ಆಗಲಿಲ್ಲ. ಇನ್ನೊಂದು ತುಂಡು ಹಾಕಿದೆ. ಶೇಂಗಾಚಟ್ನಿ ಹಚ್ಚಿಕೊಂಡು ಇಡೀ ರೊಟ್ಟಿ ತಿಂದೆ. ಬಾಯಲ್ಲಿ ಮೂರು ಹಲ್ಲಿನ ಜಾಗ ಖಾಲಿ ಇತ್ತು, ರೊಟ್ಟಿ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಚೆನ್ನಾಗಿ ನಡೆದಾಡುವಂತಾದ ಮೇಲೆ ನಾನು ಹಂಸಿಯ ಹತ್ತಿರ ಹೋದೆ. ಪಟ್ಟಿ ತೆಗೆದಿದ್ದರು. ಕೊಟ್ಟಿಗೆಯಲ್ಲೇ ಇರುತ್ತಿತ್ತು. ನೋವಿನ ದಿನಗಳಲ್ಲಿ, ಗಾಳಿ ಬಿಟ್ಟಾಗ ನಾನು ತೆಳುವಾದ ಬಟ್ಟೆಯನ್ನು ಮುಖಕ್ಕೆ ತಾಗದಂತೆ ಮುಂದೆ ಇಳಿಬಿಟ್ಟುಕೊಂಡರೆ ಹಗುರವಾಗುತ್ತಿತ್ತು. ಅದನ್ನೇ ಹಂಸಿಗೂ ಮಾಡಿ ನೋಡಿದೆ. ಹಳೆಯ ವಾಯಿಲ್ ಸೀರೆಯ ತುಂಡನ್ನು ಮೂತಿಪಟ್ಟಿಗೆ ಹೊಲಿದು, ಮೂಗಿನ ಮುಂದೆ ಜೋಲುವಂತೆ ಬಿಟ್ಟೆ. ತಲೆ ಒಗೆಯುವುದು ಪೂರ್ತಿ ನಿಲ್ಲಲಿಲ್ಲ. ಆದರೆ ಅಂಗಳಕ್ಕೆ ಬಂದು ಹುಲ್ಲು ತಿನ್ನುವಷ್ಟು ಕಡಿಮೆಯಾಯಿತು. ಮಾವ ದೂರದಿಂದ ನೋಡಿದರು, ಹತ್ತಿರ ಬರಲಿಲ್ಲ. ಮರುದಿನ ನಮ್ಮವರ ಕೈಯಲ್ಲಿ ಹೇಳಿಕಳಿಸಿದರು, ನನ್ನ ಗುಳಿಗೆಯನ್ನು ಹಂಸಿಗೆ ಕೊಟ್ಟರೆ ಆದೀತೇ ಎಂದು. ಮಿರಜದ ಆ ಮುದಿ ಡಾಕ್ಟರನ್ನು ಕೇಳಿದಾಗ ಅವರು ಬೇಡ ಎಂದರು. ಕುದುರೆಗೆ ಎಷ್ಟು ಕೊಡಬೇಕೆಂದು ತನಗೆ ಗೊತ್ತಿಲ್ಲ, ಕೊಟ್ಟರೆ ನಿಂತಲ್ಲೇ ಬಿದ್ದು ಕಾಲು ಮುರಿದುಕೊಂಡೀತು ಎಂದರಂತೆ.

ಮೂಗಿಗೆ ಬಟ್ಟೆ ಕಟ್ಟಿದ ಕುದುರೆಯನ್ನು ಶರ್ಯತ್ತಿಗೆ ಒಯ್ಯುವ ಹಾಗಿರಲಿಲ್ಲ. ಮನೆಯಲ್ಲಿ ಸಂಜು, ಭುಜ ಕಟ್ಟಿಸಿಕೊಂಡು ಕುಳಿತವನು, "ಅದನ್ನ ಕಣ್ಣ ಮುಂದಿಂದ ತಗೀರಿ" ಎನ್ನುತ್ತಿದ್ದ. ಕೊನೆಗೆ ಮಾವ ಇಟ್ಟಂಗಿ ಭಟ್ಟಿಯವನೊಬ್ಬನಿಗೆ ಕೊಟ್ಟುಬಿಟ್ಟರು. ಅವನು ಬಂದ ದಿನ ಅವರು ಬೆಳಗ್ಗೆಯೇ ದ್ರಾಕ್ಷಿ ತೋಟಕ್ಕೆ ಹೋಗಿ ಅಲ್ಲೇ ಉಳಿದರು. ಹಗ್ಗ ಹಿಡಿದು ಕೊಟ್ಟವರು ನಮ್ಮವರು.

ಭಟ್ಟಿಯವನು ಹಂಸಿಯ ಮುಖ ನೋಡಿ ನಕ್ಕ. "ಹೇ ಕಾಯ್? ಏನ್ರಿ ಇದು, ಕುದುರಿಗೆ ಸೆರಗ ಹೊಚ್ಚೀರೇನ್ರಿ?"

"ಅದನ್ನ ತಗೀಬ್ಯಾಡ್ರಿ ಅಣ್ಣಾ" ಎಂದು ನಾನು ಬಾಗಿಲಿನಿಂದ ಹೇಳಿದೆ. "ಗಾಳಿ ತಾಗಿದ್ರ ಅದಕ್ಕ ಭಾಳ ತ್ರಾಸ ಆಗತೈತಿ."

"ನನ್ನ ಭಟ್ಟ್ಯಾಗ ಗಾಳಿಗಿಂತ ಧೂಳ ಭಾಳ ಅಕ್ಕಾ" ಎಂದು ಅವನು ಬಟ್ಟೆಯನ್ನು ಜಗ್ಗಿ ಹರಿದು, ಅದರಿಂದಲೇ ಬೆವರು ಒರೆಸಿಕೊಂಡ. ರಸ್ತೆ ಮುಟ್ಟುವಷ್ಟರಲ್ಲಿ ಹಂಸಿಯ ತಲೆ ಮೇಲೆ ಕೆಳಗೆ ಹೋಗಲು ಶುರುವಾಯಿತು. ಅವನು ಹಗ್ಗವನ್ನು ಇನ್ನಷ್ಟು ಗಿಡ್ಡ ಹಿಡಿದ. ಅದರ ಸುದ್ದಿ ಆಮೇಲೆ ನಮಗೆ ಬರಲಿಲ್ಲ. ಕೇಳಲು ಯಾರೂ ಹೋಗಲೂ ಇಲ್ಲ.

ಸಂಜೆ ಮಾವ ಬಂದು ಊಟಕ್ಕೆ ಕುಳಿತರು. ನಾನು ರೊಟ್ಟಿ ಬಡಿಸಿದೆ. ತಲೆಯೆತ್ತದೆ ಹೇಳಿದರು, "ನಿನಗ ಔಷಧ ಸಿಕ್ತು." ರೊಟ್ಟಿ ಮುರಿಯುತ್ತ, "ಆಕಿಗೆ ಸಿಗಲಿಲ್ಲ" ಎಂದರು. ಹಂಸಿಯ ಪಾಲಿನದನ್ನು ನಾನು ಕಸಿದುಕೊಂಡೆ ಎನ್ನುವಂತಿತ್ತು ಆ ದನಿ. ಸಾಯುವವರೆಗೂ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಗುಳಿಗೆ ಕೆಲವು ವರ್ಷ ನನ್ನನ್ನು ಕಾಯಿತು. ಆಮೇಲೆ ನೋವು ಅದನ್ನೂ ದಾಟಿ ಬರತೊಡಗಿತು. ಗುಳಿಗೆ ಹೆಚ್ಚಿಸಿದರು, ನಾನು ಮತ್ತೆ ಗೋಡೆ ಹಿಡಿದು ನಡೆದೆ. ತೊಂಬತ್ತರ ದಶಕದ ನಡುವೆ ಪುಣೆಯ ಒಂದು ಆಸ್ಪತ್ರೆಯಲ್ಲಿ ಕೆನ್ನೆಯಿಂದ ಒಳಗೆ ಸೂಜಿ ಹಾಕಿ ಆ ನರವನ್ನು ಸುಟ್ಟರು. ನೋವು ಹೋಯಿತು. ಅದರ ಜೊತೆ ಎಡಗೆನ್ನೆಯೂ ಹೋಯಿತು. ಈಗ ಅಲ್ಲಿ ನೊಣ ಕುಳಿತರೂ ನನಗೆ ತಿಳಿಯುವುದಿಲ್ಲ. ತುಟಿಯ ಮೂಲೆಯಲ್ಲಿ ಅನ್ನದ ಅಗುಳು ಉಳಿದರೆ ನಮ್ಮವರು ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ವರ್ಷಕ್ಕೊಮ್ಮೆ ಎಲ್ಲೋ ಆಳದಲ್ಲಿ ಸಣ್ಣಗೆ ಒಂದು ಮಿಂಚು ಬಂದು, ನಾನಿನ್ನೂ ಇದ್ದೇನೆ ಎಂದು ಹೇಳಿ ಹೋಗುತ್ತದೆ.

ಪುಣೆಯಿಂದ ಬಂದ ಮೇಲೆ ತೋರಿಸಿಕೊಳ್ಳಲು ಮಿರಜಕ್ಕೆ ಹೋದಾಗ, ಚಿಕ್ಕೋಡಿ ಕಡೆಯ ಒಬ್ಬ ಹೆಂಗಸು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತಿದ್ದಳು. ನನಗಿಂತ ಸಣ್ಣವಳು. ಬಾಯಿ ತೆರೆಯದೆ ಕೂತಿದ್ದಳು. ಅವಳ ಗಂಡ ನಮ್ಮವರಿಗೆ ಹೇಳುತ್ತಿದ್ದ, "ಹಲ್ಲ ಎಲ್ಲಾ ಕೀಳಿಸೇವ್ರಿ ಆ ಬಾಜೂದು. ಆದ್ರೂ ಇಕೀದು ಮುಗೀವಲ್ದು." ಹೇಳುತ್ತ ಅವನು ಸ್ವಲ್ಪ ನಕ್ಕ. ನಾನು ಅವಳ ಕಡೆ ವಾಲಿ, ಗಾಳಿ ತಾಗಿದರೆ ಬರುತ್ತದೆಯೇ, ಮುಖ ತೊಳೆದರೆ ಬರುತ್ತದೆಯೇ ಎಂದು ಸಣ್ಣ ದನಿಯಲ್ಲಿ ಕೇಳಿದೆ. ಅವಳು ಕಣ್ಣು ಮಿಟುಕಿಸಿ ಹೌದು ಎಂದಳು. ಆಮೇಲೆ ತುಟಿ ಅಲುಗದಂತೆ ಕೇಳಿದಳು, "ಹೋಗತೈತೇನ್ರಿ ಅಕ್ಕಾರ?"

ಸುಳ್ಳು ಹೇಳಬಹುದಾಗಿತ್ತು. "ಪೂರಾ ಹೋಗೂದಿಲ್ಲ" ಎಂದೆ. "ಕಡಿಮಿ ಆಗತೈತಿ. ನಿನ್ನದ ಖರೇ ಐತಿ, ತಂಗಿ. ನಾಟಕಾ ಅಲ್ಲ."

ಅವಳು ಅತ್ತಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯದೆ ನೇರ ನೆಲಕ್ಕೆ ಬೀಳುವಂತೆ, ಸೊಂಟದಿಂದ ಮುಂದಕ್ಕೆ ಬಗ್ಗಿ, ಮುಖವನ್ನು ಪೂರ್ತಿ ಕೆಳಗೆ ಮಾಡಿಕೊಂಡು ಅತ್ತಳು. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾಳೆಂದುಕೊಂಡು ಅವಳ ಗಂಡನೂ ಬಗ್ಗಿ ಬೆಂಚಿನ ಕೆಳಗೆ ನೋಡಿದ.